ಗುಂಡನ ಫಿಟ್ಸ್: ಶಿರಸಿಯ ಒಂದು ಸಾಕು ಇಲಿಯ ಪ್ರಕರಣ

ರೋಗಿಯ ಹೆಸರು ಗುಂಡ. ಸಾಕಿದ ಗಂಡು ಇಲಿ. ವಯಸ್ಸು ಒಂದು ವರ್ಷ ಎರಡು ತಿಂಗಳು, ತೂಕ 410 ಗ್ರಾಂ. ತಲೆ ಮತ್ತು ಹೆಗಲು ಕಪ್ಪು, ಉಳಿದ ಮೈ ಬಿಳಿ. ಮನೆ ಶಿರಸಿ ತಾಲೂಕಿನ ಒಂದು ಅಡಿಕೆ ತೋಟದ ಊರಲ್ಲಿ. ಕರೆತಂದವಳು ಆ ಮನೆಯ ಮೊಮ್ಮಗಳು, ಶಿರಸಿಯಲ್ಲಿ ಡಿಗ್ರಿ ಓದುವ ಹುಡುಗಿ. ಅವಳ ದೂರು ಒಂದೇ ಸಾಲಿನದು: "ಡಾಕ್ಟ್ರೇ, ಬೆಳಿಗ್ಗೆಯಿಂದ ಇವನಿಗೆ ಫಿಟ್ಸ್ ಬರ್ತಾ ಇದೆ."

ನನ್ನದು ಹೆಚ್ಚಾಗಿ ದನ ಮತ್ತು ನಾಯಿ ನೋಡುವ ಕ್ಲಿನಿಕ್. ಸಾಕು ಇಲಿ ಇಲ್ಲಿಗೆ ಬರುವುದು ಅಪರೂಪ. ಬಂದರೂ ಮೊಲೆಯ ಗಂಟು, ಇಲ್ಲವೇ ಉಸಿರಾಟದ ತೊಂದರೆ. ಈ ಇಲಿ ನಮ್ಮ ಅಟ್ಟದಲ್ಲಿ ಓಡಾಡುವ ಜಾತಿಯದಲ್ಲ. ಪ್ರಯೋಗಾಲಯದ ಬಿಳಿ ಇಲಿಯೂ ಸಾಕುವ ಇಲಿಯೂ ಒಂದೇ ಜಾತಿ, ರಾಟಸ್ ನಾರ್ವೆಜಿಕಸ್. ಬದುಕುವುದು ಎರಡು, ಹೆಚ್ಚೆಂದರೆ ಮೂರು ವರ್ಷ. ಹಾಗಾಗಿ ಗುಂಡನನ್ನು ನಡುವಯಸ್ಸಿನವನು ಅಂತ ಇಟ್ಟುಕೊಂಡು ಯೋಚನೆ ಮಾಡಬೇಕು. ವಯಸ್ಸು ಇಲ್ಲಿ ಮುಖ್ಯ, ಯಾಕೆ ಅಂತ ಮುಂದೆ ಬರುತ್ತದೆ.

ಇಲಿಯಲ್ಲಿ ಫಿಟ್ಸ್ ಅಂತ ಕಾಣುವುದೆಲ್ಲ ಫಿಟ್ಸ್ ಅಲ್ಲ. ಖುಷಿಯಾದಾಗ ಇಲಿ ಹಲ್ಲು ಮಸೆಯುತ್ತದೆ. ಆಗ ದವಡೆಯ ಸ್ನಾಯು ಕಣ್ಣುಗುಡ್ಡೆಯ ಹಿಂದೆ ಒತ್ತಿ ಕಣ್ಣು ಪಟಪಟ ಹೊರಗೆ ಒಳಗೆ ಆಡುತ್ತದೆ. ಮೊದಲ ಸಲ ನೋಡಿದವರು ಗಾಬರಿ ಬೀಳುವುದು ಸಹಜ. ಕೆಂಪು ಕಣ್ಣಿನ ಬಿಳಿ ಇಲಿಗಳಿಗೆ ದೃಷ್ಟಿ ಕಡಿಮೆ, ದೂರ ಅಂದಾಜು ಮಾಡಲು ತಲೆಯನ್ನು ಅತ್ತಿತ್ತ ತೂಗುತ್ತವೆ. ಒಣ ರೊಟ್ಟಿಯ ತುಂಡು ಗಂಟಲಿಗೆ ಸಿಕ್ಕಿದರೆ ಗದ್ದವನ್ನು ಎದೆಗೆ ಒತ್ತಿ ಜೊಲ್ಲು ಸುರಿಸುತ್ತವೆ. ಕಿವಿಯ ಒಳಗೆ ಸೋಂಕಾದರೆ ತಲೆ ಒಂದು ಕಡೆ ವಾಲುತ್ತದೆ, ಜಾಸ್ತಿಯಾದರೆ ಇಲಿ ಉರುಳುರುಳಿ ಬೀಳುತ್ತದೆ. ಇವುಗಳಲ್ಲಿ ಒಂದೂ ಮೂರ್ಛೆಯಲ್ಲ. ಒಂದೊಂದರ ಔಷಧಿಯೂ ಬೇರೆ.

ಅದಕ್ಕೇ ನಾನು ಮೊದಲು ಕೇಳುವುದು ವೀಡಿಯೊ. ಹುಡುಗಿ ಜಾಣೆ, ಮನೆಯಲ್ಲೇ ಮಾಡಿಕೊಂಡು ಬಂದಿದ್ದಳು. ಒಂದಲ್ಲ, ಬೇರೆ ಬೇರೆ ಹೊತ್ತಿನ ಮೂರ್ನಾಲ್ಕು ತುಣುಕು. ಇಡೀ ಪ್ರಕರಣದ ದಾರಿ ತಿರುಗಿದ್ದೇ ಅಲ್ಲಿ.

ಮೊದಲ ತುಣುಕಿನಲ್ಲಿ ಗುಂಡ ಮುಂಗಾಲಿನಿಂದ ಗೂಡಿನ ತಳವನ್ನು ಒಂದೇ ಸಮನೆ ಕೆರೆಯುತ್ತಿದ್ದ, ಮಣ್ಣು ತೋಡುವ ಹಾಗೆ. ತಳದಲ್ಲಿ ಮಣ್ಣೇ ಇಲ್ಲ. ಅರ್ಧ ಗಂಟೆಯ ನಂತರದ ತುಣುಕಿನಲ್ಲಿ ಗದ್ದ, ಎದೆ ಎಲ್ಲ ಜೊಲ್ಲಿನಿಂದ ಒದ್ದೆ. ಆಮೇಲಿನದರಲ್ಲಿ ಮೈ ಹಾವಿನಂತೆ ಹೊರಳುತ್ತಿತ್ತು. ಹಿಂಗಾಲು ಸೆಟೆದು ಚಾಚಿಕೊಂಡಿದ್ದವು. ಆದರೂ ಅವಳು ಹೆಸರು ಕರೆದಾಗ ಕಿವಿ ಅಲುಗಿತು. ಅಂದರೆ ಎಚ್ಚರ ಇತ್ತು. ಕೊನೆಯದರಲ್ಲಿ ಮಾತ್ರ ನಿಜವಾದ ಸೆಳೆತ: ಮುಂಗಾಲು ಎರಡೂ ಅದುರುತ್ತಾ ಎದ್ದು ನಿಂತು ಹಿಂದಕ್ಕೆ ಬಿದ್ದ. ಪ್ರಯೋಗಾಲಯಗಳಲ್ಲಿ ಇಲಿಯ ಮೂರ್ಛೆಯನ್ನು ಅಳೆಯಲು 1972ರಲ್ಲಿ ರಸೀನ್ ಎಂಬ ವಿಜ್ಞಾನಿ ಮಾಡಿದ ಐದು ಮೆಟ್ಟಿಲಿನ ಅಳತೆ ಇದೆ. ಬಾಯಿ ಅಲುಗುವುದು ಮೊದಲ ಮೆಟ್ಟಿಲು. ಎದ್ದು ನಿಂತು ಬೀಳುವುದು ಐದನೆಯದು. ಗುಂಡ ಐದನೆಯದಕ್ಕೆ ಮುಟ್ಟಿದ್ದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮನುಷ್ಯರ ಮೂರ್ಛೆ ರೋಗಕ್ಕೆ ಔಷಧಿ ಹುಡುಕುವಾಗ ಜಗತ್ತಿನಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದ ಪ್ರಾಣಿಗಳಲ್ಲಿ ಇಲಿಯೂ ಒಂದು. ಅದರ ಮೆದುಳಿನ ಬಗ್ಗೆ ರಾಶಿ ರಾಶಿ ಬರವಣಿಗೆ ಇದೆ. ಆದರೆ ಮನೆಯಲ್ಲಿ ಸಾಕಿದ ಒಂದು ಇಲಿಗೆ ಫಿಟ್ಸ್ ಬಂದರೆ ಏನು ಮಾಡಬೇಕು ಅಂತ ನೋಡಲು ಹೋದರೆ ಕೈಗೆ ಸಿಗುವುದು ತೀರಾ ಕಡಿಮೆ.

ವೀಡಿಯೊದಲ್ಲಿ ನನ್ನ ಗಮನ ಸೆಳೆದದ್ದು ಸೆಳೆತವಲ್ಲ, ಅದರ ಕ್ರಮ. ಮೆದುಳಿನಲ್ಲೇ ಹುಟ್ಟುವ ಮೂರ್ಛೆ ರೋಗ ಹೀಗೆ ಬರುವುದಿಲ್ಲ. ಅದು ಇದ್ದಕ್ಕಿದ್ದಂತೆ ಬಂದು ಒಂದೆರಡು ನಿಮಿಷ ಇದ್ದು ಹೋಗುತ್ತದೆ. ಆಮೇಲೆ ಸ್ವಲ್ಪ ಹೊತ್ತು ಮಂಕು, ನಂತರ ಪ್ರಾಣಿ ಏನೂ ಆಗಿಲ್ಲ ಎಂಬಂತೆ ತಿನ್ನಲು ಶುರು ಮಾಡುತ್ತದೆ. ಇಲ್ಲಿ ಹಾಗಲ್ಲ. ಕೆರೆತ, ಜೊಲ್ಲು, ಹೊರಳಾಟ, ಆಮೇಲೆ ಸೆಳೆತ. ಗಂಟೆಗಳ ಮೇಲೆ ಏರುತ್ತಾ ಹೋಗಿದೆ. ಎರಡು ಸೆಳೆತದ ನಡುವೆ ಒಮ್ಮೆಯೂ ಸರಿಹೋಗಿಲ್ಲ. ಹೀಗೆ ಏರುತ್ತಾ ಹೋಗುವುದು ಹೆಚ್ಚಾಗಿ ಹೊರಗಿನಿಂದ ಮೈಯೊಳಗೆ ಏನೋ ಸೇರುತ್ತಿರುವಾಗ.

ಮೇಜಿನ ಮೇಲೆ ನೋಡಿದಾಗ ಗುಂಡ ನಡುಗುತ್ತಿದ್ದ. ಮುಟ್ಟಿದರೆ, ಬಾಗಿಲು ಸದ್ದಾದರೆ ನಡುಕ ಜಾಸ್ತಿ. ಮೈ ತಣ್ಣಗಿತ್ತು. ತಲೆ ವಾಲಿರಲಿಲ್ಲ, ಕಿವಿ ಶುದ್ಧ. ಮೂಗಿನ ಸುತ್ತ ಕೆಂಪು ಕಲೆ ಇತ್ತು. ಹುಡುಗಿ ಅದನ್ನು ರಕ್ತ ಅಂತ ತಿಳಿದು ಅತ್ತಿದ್ದಳು. ಅದು ರಕ್ತವಲ್ಲ. ಇಲಿಯ ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಪಾರ್ಫಿರಿನ್ ಎಂಬ ಬಣ್ಣ. ನೋವು, ಹೆದರಿಕೆ, ಕಾಯಿಲೆ, ಯಾವುದಾದರೂ ಇದ್ದರೆ ಜಾಸ್ತಿ ಸುರಿಯುತ್ತದೆ. ಬಾಲದ ರಕ್ತನಾಳದಿಂದ ಒಂದು ಹನಿ ತೆಗೆದು ಸಕ್ಕರೆ ನೋಡಿದೆ, ಸರಿಯಾಗಿತ್ತು. ಅಲ್ಲಿಗೆ ಸಕ್ಕರೆ ಇಳಿದು ಬಂದ ಫಿಟ್ಸ್ ಅಲ್ಲ ಅಂತಾಯಿತು.

ಕುತ್ತಿಗೆಯ ಹಿಂಭಾಗದ ಕೂದಲು ಮಾತ್ರ ಅಂಟಿಕೊಂಡಿತ್ತು. ಜೊಲ್ಲು ಅಲ್ಲಿಗೆ ತಲುಪುವುದಿಲ್ಲ. ಮೂಗು ಹತ್ತಿರ ತಂದರೆ ಸೀಮೆಎಣ್ಣೆಯಂಥ ವಾಸನೆ.

ಆದರೂ ಉಳಿದ ಕಾರಣಗಳನ್ನು ಒಂದೊಂದಾಗಿ ತೆಗೆದು ನೋಡಬೇಕಲ್ವಾ. ವಯಸ್ಸಾದ ಇಲಿಗಳಲ್ಲಿ, ಅದರಲ್ಲೂ ಹೆಣ್ಣಿನಲ್ಲಿ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆ ಬಹಳ ಸಾಮಾನ್ಯ. ಅದರ ಗುರುತು ಬೇರೆ: ಮುಂಗಾಲಿನಲ್ಲಿ ತಿಂಡಿ ಹಿಡಿಯಲು ಆಗುವುದಿಲ್ಲ, ತಲೆಯನ್ನು ಗೋಡೆಗೆ ಒತ್ತುತ್ತವೆ, ವಾರಗಟ್ಟಲೆ ನಿಧಾನವಾಗಿ ಕುಗ್ಗುತ್ತವೆ. ಗುಂಡ ಹಿಂದಿನ ರಾತ್ರಿ ಎರಡೂ ಕೈಯಲ್ಲಿ ಕಡಲೆ ಹಿಡಿದು ತಿಂದಿದ್ದ. ಬಿಸಿಲಿನ ಹೊಡೆತ? ಇಲಿಗೆ ಬೆವರುವುದು ಗೊತ್ತಿಲ್ಲ, ಬಿಸಿ ಹೊರಹಾಕುವುದು ಹೆಚ್ಚಾಗಿ ಬಾಲದಿಂದ. ಕಾರವಾರ, ಅಂಕೋಲಾ ಕಡೆಯ ಏಪ್ರಿಲ್ ಸೆಕೆಯಲ್ಲಿ ಇದನ್ನು ಮೊದಲು ಯೋಚಿಸುತ್ತಿದ್ದೆ. ಆದರೆ ಇದು ಘಟ್ಟದ ಮೇಲಿನ ಊರು, ಅಡಿಕೆ ಕೊಯ್ಲು ಮುಗಿಯುವ ಕಾಲ, ಬೆಳಗಿನ ಚಳಿ ಇನ್ನೂ ಹೋಗಿರಲಿಲ್ಲ. ಮೈಯೂ ತಣ್ಣಗೆ.

ವಿಷ ಅಂದ ಮೇಲೆ ಯಾವ ವಿಷ? ಇಲಿ ಪಾಷಾಣ ಅಂತ ಅಂಗಡಿಯಲ್ಲಿ ಕೊಡುವ ಕಪ್ಪು ಪುಡಿ ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲಕ್ಕೆ ಸೇರಿ ಫಾಸ್ಫೀನ್ ಅನಿಲ ಬಿಡುತ್ತದೆ, ಬಾಯಿ ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂತೆ ನಾರುತ್ತದೆ. ಅದಕ್ಕೆ ಮದ್ದಿಲ್ಲ. ಇಷ್ಟು ಹೊತ್ತು ಬದುಕಿರುವುದೂ ಕಷ್ಟ. ಬಿಸ್ಕತ್ತಿನ ಹಾಗೆ ಸಿಗುವ ಬ್ರೋಮಾಡಿಯೋಲೋನ್ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಕೆಲವು ದಿನ ಬಿಟ್ಟು ಕೊಲ್ಲುತ್ತದೆ, ನಡುಕ ತರುವುದಿಲ್ಲ. ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆ ಜೋರಾದ ಫಿಟ್ಸ್ ತರುತ್ತದೆ. ಮಳೆಗಾಲವಾಗಿದ್ದರೆ ತೋಟದ ಮನೆಯಲ್ಲಿ ಅದನ್ನೇ ಮೊದಲು ಕೇಳುತ್ತಿದ್ದೆ. ಈಗ ಹುಳುವೂ ಇಲ್ಲ, ಗುಳಿಗೆಯೂ ಇಲ್ಲ.

ಇನ್ನೊಂದು ಅನುಮಾನ ನಮ್ಮ ಊರಿಗೇ ಸೇರಿದ್ದು: ಅಡಿಕೆ. ಅಂಗಳದ ತುಂಬ ಅಡಿಕೆ ಹರಡಿರುವ ಕಾಲ. ಅಡಿಕೆಯಲ್ಲಿ ಅರೆಕೋಲಿನ್ ಇದೆ. ಹಿಂದೆ ನಾಯಿಯ ಲಾಡಿಹುಳುವಿಗೆ ಇದನ್ನೇ ಔಷಧಿಯಾಗಿ ಕೊಡುತ್ತಿದ್ದರು. ಜಾಸ್ತಿಯಾದರೆ ಜೊಲ್ಲು, ಭೇದಿ, ನಡುಕ. "ಅಡಿಕೆ ತಿಂದಿದ್ದನಾ?" ಅಂತ ಕೇಳಿದೆ. "ಇಲ್ಲ, ಗೂಡು ನನ್ನ ರೂಮಿನಲ್ಲೇ ಇರುತ್ತದೆ, ಹೊರಗೆ ಬಿಡುವುದು ನಾನಿದ್ದಾಗ ಮಾತ್ರ" ಅಂದಳು. ಭೇದಿಯೂ ಇರಲಿಲ್ಲ.

ಆಗ ಕೇಳಿದೆ, "ಗೂಡಿನಲ್ಲಿ ಇವನೊಬ್ಬನೇನಾ?"

ಇಲ್ಲವಂತೆ. ಇನ್ನೊಂದು ಇದೆ, ಪುಟ್ಟ. ಅವನಿಗೇನೂ ಆಗಿಲ್ಲ ಅಂತ ಬಿಟ್ಟು ಬಂದಿದ್ದಳು. ಮನೆಗೆ ಫೋನ್ ಮಾಡಿಸಿ ಪುಟ್ಟನ ಬಾಯಿ ನೋಡಲು ಹೇಳಿದೆ. ಗದ್ದ ಒದ್ದೆ ಇದೆ, ಹಿಂಗಾಲು ಸ್ವಲ್ಪ ಸೆಟೆದ ಹಾಗೆ ನಡೆಯುತ್ತಾನೆ ಅಂತ ಅವಳ ಅಮ್ಮ ಹೇಳಿದರು. ಒಂದೇ ಗೂಡಿನ ಎರಡು ಪ್ರಾಣಿಗೆ ಒಂದೇ ಬೆಳಿಗ್ಗೆ ಒಂದೇ ಥರದ ಲಕ್ಷಣ. ಗುಂಡನ ಮೆದುಳನ್ನು ದೂರುವುದನ್ನು ನಾನು ಅಲ್ಲಿಗೇ ಬಿಟ್ಟೆ. ಇಲಿಗಳು ಒಂದರ ಮೈ ಒಂದು ನೆಕ್ಕಿ ಚೊಕ್ಕ ಮಾಡುತ್ತವೆ. ಒಬ್ಬನ ಮೈಮೇಲಿನದು ಇಬ್ಬರ ಹೊಟ್ಟೆಗೂ ಹೋಗುತ್ತದೆ.

ಇಲಿಗೆ ಏನಾದರೂ ಹಾಕಿದಿರಾ ಅಂತ ನೇರವಾಗಿ ಕೇಳಿದರೆ ಉತ್ತರ ಬರುವುದಿಲ್ಲ. ಅದು ನನಗೆ ದನದ ಕೇಸುಗಳಿಂದ ಗೊತ್ತು. ಫೋನಿನಲ್ಲಿ ಅಜ್ಜ ಬಂದರು. "ಎಂತದೂ ಇಲ್ಲೆ, ಎಂತದೂ ಇಲ್ಲೆ" ಅಂದರು. ನಾನು ಇಲಿಯ ಮಾತು ಬಿಟ್ಟು ದನದ ಮಾತು ತೆಗೆದೆ. ಈ ಸಲ ಉಣುಗು ಹೇಗೆ, ಜಾಸ್ತಿಯಾ, ಕೊಟ್ಟಿಗೆಗೆ ಯಾವ ಔಷಧಿ ಹೊಡೆಯುತ್ತೀರಿ? ಅಜ್ಜನಿಗೆ ಉತ್ಸಾಹ ಬಂತು. ಡೆಲ್ಟಾಮೆಥ್ರಿನ್, ಶಿರಸಿಯಿಂದಲೇ ತಂದದ್ದು, ಒಂದೇ ಸಲಕ್ಕೆ ಉಣುಗು ಉದುರಿಹೋದವು. "ಅದನ್ನೇ ಗುಂಡನ ಕುತ್ತಿಗೆಗೂ ಹಚ್ಚಿದ್ದಿರಾ ಅಜ್ಜ?" ಅಂದೆ. ಸ್ವಲ್ಪ ತಡೆದು "ಹೌದು" ಅಂದರು. ಹಿಂದಿನ ರಾತ್ರಿ, ಮುಚ್ಚಳಕ್ಕೆ ಸ್ವಲ್ಪ ಬಗ್ಗಿಸಿ, ಹತ್ತಿಯಲ್ಲಿ. ನೀರು ಬೆರೆಸಿರಲಿಲ್ಲ. ಇಷ್ಟು ಚಿಕ್ಕ ಪ್ರಾಣಿಗೆ ಬಕೆಟ್ ನೀರು ಯಾಕೆ ಅಂತ.

ಅಜ್ಜನನ್ನು ಬೈಯುವುದು ಸುಲಭ, ನನಗೆ ಮನಸ್ಸಾಗಲಿಲ್ಲ. ಇಲಿ ತುರಿಸಿಕೊಳ್ಳುವುದನ್ನು ನೋಡಿದ್ದಾರೆ, ಕೂದಲಲ್ಲಿ ಏನೋ ಹರಿದಾಡಿದ್ದು ಕಂಡಿದೆ. ಮೊಮ್ಮಗಳು ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಓದುತ್ತಾಳೆ. ಇದು ಮಂಗನ ಕಾಯಿಲೆಯ ಸೀಮೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ರೋಗ, ಉಣುಗಿನಿಂದ ಹರಡುವುದು. ಸಿದ್ದಾಪುರ, ಶಿರಸಿ ಕಡೆಯ ಹಳ್ಳಿಗಳಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಉಣುಗು ಅಂದರೆ ಜನ ಬೆಚ್ಚುತ್ತಾರೆ. ಅಜ್ಜ ಮಾಡಿದ್ದು ಆ ಹೆದರಿಕೆಯಿಂದ.

ಈಗ ಲೆಕ್ಕ ನೋಡಿ. ಆ ಬಾಟಲಿಯಲ್ಲಿ ಇರುವುದು ಶೇಕಡಾ 1.25ರ ಔಷಧಿ, ಅಂದರೆ ಒಂದು ಮಿಲಿಯಲ್ಲಿ 12.5 ಮಿಲಿಗ್ರಾಂ. ದನದ ಉಣುಗಿಗೆ ಒಂದು ಲೀಟರ್ ನೀರಿಗೆ 2 ಮಿಲಿ ಹಾಕಬೇಕು. ಹಾಗಾದರೆ ದನದ ಮೈಗೆ ಬೀಳುವುದಕ್ಕಿಂತ 500 ಪಟ್ಟು ಗಟ್ಟಿಯಾದದ್ದು ಗುಂಡನ ಕುತ್ತಿಗೆಗೆ ಬಿದ್ದಿದೆ. ಒಂದು ಮಿಲಿ ಅಂತ ಹಿಡಿದರೂ ಅವನ ತೂಕಕ್ಕೆ ಕಿಲೋಗೆ 30 ಮಿಲಿಗ್ರಾಂ ಆಯಿತು. ಎಣ್ಣೆಯಲ್ಲಿ ಕರಗಿಸಿ ಇಲಿಗಳ ಬಾಯಿಗೆ ಕೊಟ್ಟ ಪ್ರಯೋಗಗಳಲ್ಲಿ ಕಿಲೋಗೆ ಸುಮಾರು 30ರಿಂದ 140 ಮಿಲಿಗ್ರಾಂ ಒಳಗೆ ಅರ್ಧದಷ್ಟು ಇಲಿಗಳು ಸತ್ತಿವೆ. ನೀರಿನಲ್ಲಿ ಕದಡಿ ಕೊಟ್ಟರೆ ಅದೇ ಔಷಧಿ 5000 ಮಿಲಿಗ್ರಾಂ ದಾಟಿದರೂ ಅಷ್ಟು ಸಾವಿಲ್ಲ. ಕರಗಿಸುವ ದ್ರವದ ಮೇಲೆ ಇಷ್ಟೊಂದು ವ್ಯತ್ಯಾಸ. ಬಾಟಲಿಯದು ಎಣ್ಣೆಯಂಥ ದ್ರವ, ಸೀಮೆಎಣ್ಣೆ ವಾಸನೆ ಅದರದ್ದೇ. ಚರ್ಮದಿಂದ ಒಳಗೆ ಹೋಗುವುದು ಕಡಿಮೆ. ಗುಂಡ ಮತ್ತು ಪುಟ್ಟ ರಾತ್ರಿಯಿಡೀ ನೆಕ್ಕಿದ್ದು ಎಷ್ಟೋ, ಹೊಟ್ಟೆಗೆ ಹೋದದ್ದು ಅಷ್ಟು.

ಡೆಲ್ಟಾಮೆಥ್ರಿನ್ ನರದ ಮೇಲೆ ಕೆಲಸ ಮಾಡುವುದು ಹೀಗೆ. ನರದಲ್ಲಿ ಸೋಡಿಯಂ ಒಳಬರುವ ಬಾಗಿಲುಗಳಿವೆ. ಸಂದೇಶ ಹೋಗುವಾಗ ಒಂದು ಕ್ಷಣ ತೆರೆದು ಕೂಡಲೇ ಮುಚ್ಚಬೇಕು. ಈ ಔಷಧಿ ಅವುಗಳನ್ನು ಮುಚ್ಚಲು ಬಿಡುವುದಿಲ್ಲ. ನರ ಸುಮ್ನೆ ಇರಲು ಆಗದೆ ಹೊಡೆದುಕೊಳ್ಳುತ್ತಲೇ ಇರುತ್ತದೆ. ಇದು ಸೇರಿದ್ದು ಪೈರೆಥ್ರಾಯ್ಡ್ ಎಂಬ ಕೀಟನಾಶಕಗಳ ಗುಂಪಿಗೆ, ಅದರಲ್ಲಿ ಎರಡು ಬಗೆ. ಒಂದು ಬಗೆ ಇಲಿಯಲ್ಲಿ ಬರೀ ನಡುಕ ತರುತ್ತದೆ. ಡೆಲ್ಟಾಮೆಥ್ರಿನ್ ಸೇರಿದ ಎರಡನೆಯ ಬಗೆ ತರುವುದು ಜೊಲ್ಲು ಮತ್ತು ಹೊರಳಾಟ, ಅದಕ್ಕೂ ಮೊದಲು ತೋಡುವ ಹಾಗೆ ಕೆರೆತ. ಇದನ್ನು ಕಂಡುಹಿಡಿದದ್ದೇ ಇಲಿಗಳಲ್ಲಿ. ಹುಡುಗಿಯ ಫೋನಿನಲ್ಲಿ ಇದ್ದದ್ದು ಇದೇ ಚಿತ್ರ.

ರಕ್ತದಲ್ಲಿ ಈ ವಿಷವನ್ನು ಅಳೆಯುವ ಸೌಲಭ್ಯ ನನ್ನಲ್ಲಿಲ್ಲ. ಹಾಗಾಗಿ ಇದು ವಿವರ, ಲಕ್ಷಣ, ಔಷಧಿಗೆ ಸಿಕ್ಕ ಉತ್ತರ ಮೂರನ್ನೂ ಸೇರಿಸಿ ಮಾಡಿದ ನಿರ್ಧಾರ. ಅಷ್ಟು ಸಾಕು.

ಚಿಕಿತ್ಸೆಯಲ್ಲಿ ಮೊದಲ ಕೆಲಸ ಸೆಳೆತ ನಿಲ್ಲಿಸುವುದು. ಸೆಳೆತ ಐದು ನಿಮಿಷ ದಾಟಿದರೆ ಅಥವಾ ಒಂದರ ಹಿಂದೆ ಒಂದು ಬಂದರೆ ಯಾವ ಪ್ರಾಣಿಗೂ ಅಪಾಯ, ಇಷ್ಟು ಚಿಕ್ಕ ಮೈಗಂತೂ ಇನ್ನೂ ಜಾಸ್ತಿ. ಮಿಡಾಜೋಲಾಮ್ ಸ್ನಾಯುವಿಗೆ ಕೊಟ್ಟೆ. ಡಯಾಜೆಪಾಮ್ ಎಲ್ಲ ಕಡೆ ಸಿಗುತ್ತದೆ, ಆದರೆ ಸ್ನಾಯುವಿಗೆ ಕೊಟ್ಟರೆ ಅದು ಹೀರಿಕೊಳ್ಳುವುದು ನಿಧಾನ, ಚುಚ್ಚಿದ ಜಾಗ ಉರಿಯುತ್ತದೆ. ಇಲಿಯ ಬಾಲದ ರಕ್ತನಾಳಕ್ಕೆ, ಅದೂ ನಡುಗುತ್ತಿರುವಾಗ, ಸೂಜಿ ಹಾಕುವುದು ನಡೆಯುವ ಮಾತಲ್ಲ. ಇಷ್ಟು ಸಣ್ಣ ಪ್ರಮಾಣ ಅಳೆಯಲು ಇನ್ಸುಲಿನ್ ಸಿರಿಂಜೇ ಸರಿ. ಹತ್ತು ನಿಮಿಷದೊಳಗೆ ಸೆಳೆತ ನಿಂತಿತು, ನಡುಕ ಉಳಿಯಿತು.

ಜೊಲ್ಲು ನೋಡಿ ಅಟ್ರೋಪಿನ್ ಕೊಡುವ ಆಸೆ ಆಗುತ್ತದೆ. ದನಗಳು ಕೀಟನಾಶಕ ಸೇವಿಸಿದ ಕೇಸುಗಳಲ್ಲಿ ನಮ್ಮ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಆಗಿದ್ದರೆ ಅದೇ ಮದ್ದು, ಅಡಿಕೆ ತಿಂದಿದ್ದರೂ ಅದೇ. ಪೈರೆಥ್ರಾಯ್ಡ್ ವಿಷದ ಮೂಲಕ್ಕೆ ಅಟ್ರೋಪಿನ್ ಮುಟ್ಟುವುದಿಲ್ಲ, ಇದಕ್ಕೆ ಪ್ರತಿವಿಷ ಅಂತಲೇ ಇಲ್ಲ. ಕಣ್ಣಿನ ಪಾಪೆ ಚಿಕ್ಕದಾಗಿಲ್ಲ, ಭೇದಿಯಿಲ್ಲ, ಬಾಟಲಿಯ ಹೆಸರು ಗೊತ್ತಾಗಿದೆ. ಕೊಡಲಿಲ್ಲ.

ಎರಡನೆಯ ಕೆಲಸ ಸ್ನಾನ. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು. ಜಿಡ್ಡಿನಲ್ಲಿ ಕರಗುವ ವಿಷಕ್ಕೆ ಜಿಡ್ಡು ತೆಗೆಯುವ ಸೋಪೇ ಬೇಕು. ನೀರು ಬಿಸಿಯಾಗಬಾರದು, ಚರ್ಮದ ರಕ್ತ ಹರಿವು ಜಾಸ್ತಿಯಾಗಿ ವಿಷ ಒಳಗೆ ಎಳೆಯುತ್ತದೆ. ಕುತ್ತಿಗೆ ಎರಡು ಸಲ, ಮೈ ಒಂದು ಸಲ, ಮುಖಕ್ಕೆ ಒದ್ದೆ ಬಟ್ಟೆ. ಕೂಡಲೇ ಒರೆಸಿ, ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿ ಇಟ್ಟೆವು. ಈ ವಿಷದಲ್ಲಿ ಇಲಿಯ ಮೈ ಮೊದಲೇ ತಣ್ಣಗಾಗುತ್ತದೆ, ಒದ್ದೆ ಬಿಟ್ಟರೆ ಅದರಿಂದಲೇ ಸಾಯುತ್ತದೆ. ಚರ್ಮದ ಅಡಿಗೆ ಬೆಚ್ಚಗೆ ಮಾಡಿದ ರಿಂಗರ್ ಲ್ಯಾಕ್ಟೇಟ್ ಕೊಟ್ಟು ಕತ್ತಲೆ ಕೋಣೆಯಲ್ಲಿ ಇರಿಸಿದೆ.

ಮನೆಯಲ್ಲಿ ಪುಟ್ಟನಿಗೂ ಅದೇ ಸ್ನಾನ ಮಾಡಿಸಲು ಫೋನಿನಲ್ಲೇ ಹೇಳಿದೆ. ಆ ಹೊತ್ತಿಗೆ ಅಜ್ಜಿ ವಿಷ ಇಳಿಯಲಿ ಅಂತ ಹಾಲು ಕುಡಿಸಲು, ಮೈಗೆ ಕೊಬ್ಬರಿ ಎಣ್ಣೆ ಹಚ್ಚಲು ತಯಾರಾಗಿದ್ದರು. ಎರಡೂ ಬೇಡ ಅಂದೆ. ಎಣ್ಣೆ, ಕೊಬ್ಬು ಸಿಕ್ಕಿದರೆ ಈ ವಿಷ ಇನ್ನೂ ಸುಲಭವಾಗಿ ಒಳಗೆ ಹೋಗುತ್ತದೆ. ನಡುಗುವ ಇಲಿಯ ಬಾಯಿಗೆ ಏನು ಹಾಕಿದರೂ ಶ್ವಾಸಕೋಶಕ್ಕೆ ಇಳಿಯುವ ಭಯ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವ ಮಾತೂ ಬಂತು. ಇಲಿಗೆ ವಾಂತಿ ಮಾಡಲು ಬರುವುದೇ ಇಲ್ಲ. ಅದಕ್ಕೇ ಇಲಿ ಪಾಷಾಣ ಅದರ ಮೇಲೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದು.

ಹುಡುಗಿಯ ಬೆರಳಿಗೆ ಸಣ್ಣ ಕಚ್ಚು ಇತ್ತು. ಸೆಳೆತದ ಹೊತ್ತಿನಲ್ಲಿ ಎತ್ತಲು ಹೋಗಿದ್ದಳು. ಪಕ್ಕದ ಮನೆಯವರು ಹುಚ್ಚು ಹಿಡಿದ ಇಲಿ ಅಂದಿದ್ದರಂತೆ. ಇಲಿಯಿಂದ ರೇಬಿಸ್ ಬರುವುದು ತೀರಾ ಅಪರೂಪ. ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಲು ಹೇಳಿ, ಟಿಟಿ ಇಂಜೆಕ್ಷನ್‌ಗೆ ಮನುಷ್ಯರ ಡಾಕ್ಟರ ಹತ್ತಿರ ಕಳಿಸಿದೆ. ಮುಂದೆ ಜ್ವರ, ಕೀಲು ನೋವು, ಮೈಮೇಲೆ ಗುಳ್ಳೆ ಬಂದರೆ ಇಲಿ ಕಚ್ಚಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳು ಅಂದೆ. ಇಲಿ ಕಡಿತದ ಜ್ವರ ಅಂತಲೇ ಒಂದಿದೆ, ಅದು ಇಲಿ ಜ್ವರ ಅಂತ ನಾವು ಕರೆಯುವ ಲೆಪ್ಟೊಸ್ಪೈರೋಸಿಸ್‌ಗಿಂತ ಬೇರೆ. ಫಿಟ್ಸ್ ಬಂದಾಗ ಕೈ ಹಾಕಬಾರದು. ಸುತ್ತ ಇರುವ ಗಟ್ಟಿ ವಸ್ತು ತೆಗೆದು, ಜೊತೆಯ ಇಲಿಯನ್ನು ಬೇರೆ ಮಾಡಿ, ಬೆಳಕು ಕಡಿಮೆ ಮಾಡಿ, ಗಡಿಯಾರ ನೋಡುತ್ತಾ ವೀಡಿಯೊ ತೆಗೆದರೆ ಸಾಕು.

ಮರುದಿನ ಸಂಜೆ ಗುಂಡ ತನ್ನ ಕೈಯಲ್ಲೇ ಬಾಳೆಹಣ್ಣಿನ ಚೂರು ಹಿಡಿದು ತಿಂದ. ಅದರ ಮರುದಿನ ನಡುಕವೂ ಹೋಯಿತು. ಮನೆಗೆ ಕಳಿಸಿದೆ. ಗೂಡು ಚೆನ್ನಾಗಿ ತೊಳೆಯಿರಿ, ಹಾಸಿದ್ದೆಲ್ಲ ಎಸೆಯಿರಿ ಅಂತ ಹೇಳಿದ್ದೆ. ಅವರು ಮಾಡಿದರು ಕೂಡ.

ವಾರ ಕಳೆಯುವ ಮೊದಲೇ ಮತ್ತೆ ಫೋನ್. ಮತ್ತೆ ಜೊಲ್ಲು, ಮತ್ತೆ ಕೆರೆತ, ಒಂದು ಸಲ ಸಣ್ಣ ಸೆಳೆತ. ಅಷ್ಟರಲ್ಲಿ ಅವಳಿಗೆ ಪರಿಚಯದವರೊಬ್ಬರು ಹೇಳಿದ್ದರು: ಇದು ಮೂರ್ಛೆ ರೋಗವೇ, ಮೊದಲ ಸಲ ಬಂದದ್ದೂ ಅದೇ, ಗಾರ್ಡಿನಾಲ್ ಎಂಬ ಫಿಟ್ಸ್ ಔಷಧಿ ಶುರು ಮಾಡಿ. ಹುಡುಗಿಯ ದನಿಯಲ್ಲಿ ನನ್ನ ಮೇಲಿನ ಅನುಮಾನವೂ ಇತ್ತು, ತಪ್ಪಲ್ಲ. ವಿಷ ಒಂದು ಸಲ ಇಳಿದ ಮೇಲೆ ಮತ್ತೆ ಯಾಕೆ ಬರಬೇಕು?

ಇಲಿಯ ಜೊತೆ ಗೂಡನ್ನೂ ಹಾಗೇ ಎತ್ತಿಕೊಂಡು ಬರಲು ಹೇಳಿದೆ, ತೊಳೆಯದೆ. ಪಿಕಪ್‌ನ ಹಿಂದೆ ಹಾಕಿ ತಂದರು. ತಂತಿಯ ದೊಡ್ಡ ಗೂಡು. ಒಳಗೆ ಹೊಸ ಹಾಸು, ಹೊಸ ಬಟ್ಟೆಯ ಜೋಲಿ. ಎಲ್ಲ ಚೊಕ್ಕ. ಮೇಲಿನ ಮೂಲೆಯಲ್ಲಿ ಮಲಗಲು ಒಂದು ಮರದ ಹಲಗೆ, ತಂತಿಗೆ ಬಿಗಿದದ್ದು. ಅಂಚೆಲ್ಲ ಹಲ್ಲಿನಲ್ಲಿ ಕೊರೆದಿತ್ತು. ಹಲಗೆಯ ಅಡಿಭಾಗಕ್ಕೆ ಮೂಗು ಇಟ್ಟೆ, ಅದೇ ವಾಸನೆ. ಮುಚ್ಚಳದಲ್ಲಿ ಉಳಿದದ್ದನ್ನು ವೇಸ್ಟ್ ಮಾಡುವುದು ಯಾಕೆ ಅಂತ ಅಜ್ಜ ಅದೇ ರಾತ್ರಿ ಹಲಗೆಗೂ ಸವರಿದ್ದರು, ಸಂದಿನಲ್ಲಿ ಉಣುಗು ಇರುತ್ತದಲ್ಲ ಅಂತ. ಕೇಳಿದಾಗ ಇಲಿಯ ಮೈಯದ್ದು ಹೇಳಿದ್ದರು, ಹಲಗೆಯದ್ದು ಯಾರೂ ಕೇಳಿರಲಿಲ್ಲ.

ಡೆಲ್ಟಾಮೆಥ್ರಿನ್ ಮೇಲ್ಮೈಯಲ್ಲಿ ಎಷ್ಟು ದಿನ ಉಳಿಯುತ್ತದೆ ಅಂದರೆ, ಮಲೇರಿಯಾ ಸೊಳ್ಳೆಗೆ ಮನೆಯ ಗೋಡೆಗೆ ಹೊಡೆಯುವ ಔಷಧಿಗಳಲ್ಲಿ ಅದೂ ಒಂದು. ಒಮ್ಮೆ ಹೊಡೆದರೆ ತಿಂಗಳುಗಟ್ಟಲೆ ಕೆಲಸ ಮಾಡಲಿ ಅಂತಲೇ ಹೊಡೆಯುವುದು. ಬಿಸಿಲಿಗೆ ಬೇಗ ಹಾಳಾಗುತ್ತದೆ, ಆದರೆ ಗೂಡಿನ ಮೂಲೆಯ ಹಲಗೆಗೆ ಬಿಸಿಲೆಲ್ಲಿ? ಗುಂಡ ಅದನ್ನು ಕೊರೆಯುತ್ತಿದ್ದ. ಪುಟ್ಟ ಕೆಳಗೆ ಜೋಲಿಯಲ್ಲಿ ಮಲಗುವವನು, ಅವನಿಗೆ ಈ ಸಲ ಏನೂ ಆಗಿರಲಿಲ್ಲ. ಈ ವ್ಯತ್ಯಾಸ ನೋಡಿ ಮೂರ್ಛೆ ರೋಗ ಅಂತ ಹೇಳಿಬಿಡುವುದು ಎಷ್ಟು ಸುಲಭವಿತ್ತು.

ಹಲಗೆ ಬಿಚ್ಚಿಸಿ ಹೂಳಲು ಹೇಳಿದೆ. ಬಚ್ಚಲ ಒಲೆಗೆ ಹಾಕಬೇಡಿ ಅಂತಲೂ ಹೇಳಬೇಕಾಯಿತು. ಗುಂಡನಿಗೆ ಮತ್ತೆ ಸ್ನಾನ, ಮತ್ತೆ ಮಿಡಾಜೋಲಾಮ್, ಈ ಸಲ ಕಡಿಮೆ ಸಾಕಾಯಿತು.

ಗಾರ್ಡಿನಾಲ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ. ಅದು ಕೆಟ್ಟ ಔಷಧಿಯಲ್ಲ. ಫೀನೋಬಾರ್ಬಿಟೋನ್, ನೂರು ವರ್ಷಕ್ಕೂ ಹಳೆಯದು, ಇಲಿಗೂ ನಾಯಿಗೂ ಕೆಲಸ ಮಾಡುತ್ತದೆ. ಕಾರಣ ಹುಡುಕಿ ಸಿಗದೆ ಫಿಟ್ಸ್ ಮತ್ತೆ ಮತ್ತೆ ಬರುತ್ತಿದ್ದರೆ, ಒಂದೇ ದಿನ ಹಲವು ಬಂದರೆ, ಬಂದದ್ದು ಬೇಗ ಬಿಡದಿದ್ದರೆ ನಾನೂ ಅದನ್ನೇ ಶುರು ಮಾಡುತ್ತೇನೆ. ಆದರೆ ಶುರು ಮಾಡಿದರೆ ದಿನಕ್ಕೆ ಎರಡು ಸಲ, ಸಾಯುವವರೆಗೆ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಅದರಿಂದಲೇ ಫಿಟ್ಸ್ ಬರುತ್ತದೆ. ಮೊದಲ ದಿನಗಳಲ್ಲಿ ಮಂಪರು, ಕಾಲು ತಡವರಿಕೆ, ಆಮೇಲೆ ಪಿತ್ತಜನಕಾಂಗದ ಮೇಲೆ ಹೊರೆ. ಗುಂಡನಿಗೆ ಕೊಟ್ಟಿದ್ದರೆ ಇನ್ನೂ ಕೆಟ್ಟದೊಂದು ಆಗುತ್ತಿತ್ತು: ಸೆಳೆತ ಸ್ವಲ್ಪ ಅಡಗುತ್ತಿತ್ತು, ಹಲಗೆ ಅಲ್ಲೇ ಇರುತ್ತಿತ್ತು. ವಯಸ್ಸಾದ ಹೆಣ್ಣು ಇಲಿಯಾಗಿದ್ದರೆ ನನ್ನ ಯೋಚನೆಯೇ ಬೇರೆ. ಅಲ್ಲಿ ಪಿಟ್ಯುಟರಿ ಗಡ್ಡೆಯನ್ನು ಎಂಆರ್‌ಐ ಇಲ್ಲದೆ ಖಚಿತ ಮಾಡಲು ಆಗದಿದ್ದರೂ ಪ್ರೆಡ್ನಿಸೋಲೋನ್ ಕೊಟ್ಟು ನೋಡಬಹುದು. ಮನುಷ್ಯರ ಪ್ರೊಲ್ಯಾಕ್ಟಿನ್ ಗಡ್ಡೆಗೆ ಕೊಡುವ ಕ್ಯಾಬರ್ಗೋಲಿನ್ ಕೆಲವು ಇಲಿಗಳಲ್ಲಿ ಫಲ ಕೊಟ್ಟದ್ದೂ ಇದೆ.

ಇನ್ನು ಉಳಿದದ್ದು ತುರಿಕೆ. ಕೂದಲಿಗೆ ಸೆಲೊಟೇಪ್ ಅಂಟಿಸಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹೇನು, ಕೂದಲಿಗೆ ಅಂಟಿದ ಸೀರು. ಉಣುಗು ಒಂದೂ ಇಲ್ಲ. ಇಲಿಯ ಹೇನು ಇಲಿಗೇ ಮೀಸಲು, ಮನುಷ್ಯರ ಮೈಮೇಲೆ ಬದುಕುವುದಿಲ್ಲ. ನರದ ಲಕ್ಷಣ ಪೂರ್ತಿ ಹೋದ ಮೇಲೆ, ಕೆಲವು ವಾರ ಬಿಟ್ಟು, ಐವರ್‌ಮೆಕ್ಟಿನ್ ಕೊಟ್ಟೆ. ಅದೂ ದನದ ಬಾಟಲಿಯೇ, ಅದಕ್ಕೇ ಲೆಕ್ಕ ಹುಡುಗಿಯ ಎದುರೇ ಬರೆದೆ. ಕಿಲೋಗೆ 0.2 ಮಿಲಿಗ್ರಾಂ ಅಂದರೆ ಗುಂಡನಿಗೆ ಬೇಕಾದದ್ದು 0.08 ಮಿಲಿಗ್ರಾಂ. ಬಾಟಲಿಯಲ್ಲಿ ಒಂದು ಮಿಲಿಗೆ 10 ಮಿಲಿಗ್ರಾಂ ಇದೆ. ನೇರವಾಗಿ ತೆಗೆದರೆ 0.008 ಮಿಲಿ, ಯಾವ ಸಿರಿಂಜಿನಲ್ಲೂ ಅಳೆಯಲು ಆಗದು. ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ನೂರು ಪಟ್ಟು ತೆಳು ಮಾಡಿ 0.8 ಮಿಲಿ ಬಾಯಿಗೆ ಹಾಕಿದೆ. ಪುಟ್ಟನಿಗೂ ಅವನ ತೂಕದ ಲೆಕ್ಕ. ಹತ್ತು ದಿನ ಬಿಟ್ಟು ಇನ್ನೊಂದು ಸಲ, ಸೀರಿನಿಂದ ಹೊರಬಂದ ಮರಿಗಳಿಗೆ. ತುರಿಕೆ ನಿಂತಿತು. ಮಳೆಗಾಲ ಶುರುವಾಗುವವರೆಗೂ ವಿಚಾರಿಸುತ್ತಿದ್ದೆ, ಫಿಟ್ಸ್ ಮತ್ತೆ ಬಂದಿಲ್ಲ.

ಕೊನೆಯ ಸಲ ಇಲಿಗಳನ್ನು ತಂದಾಗ ಜೊತೆಗೆ ಅಜ್ಜನೂ ಬಂದಿದ್ದರು. "ಹಂಗಾದ್ರೆ ದನಕ್ಕೆ ಹೊಡೆಯೋದೂ ಬಿಡಕ್ಕಾ ಡಾಕ್ಟ್ರೆ?" ಅಂತ ಕೇಳಿದರು. ಬಿಡಬೇಕಾಗಿಲ್ಲ. ಲೀಟರಿಗೆ 2 ಮಿಲಿ, ಸಿರಿಂಜಿನಲ್ಲಿ ಅಳೆದು, ಮುಚ್ಚಳದ ಅಂದಾಜಿನಲ್ಲಿ ಅಲ್ಲ. ಬೆಕ್ಕು ಕೊಟ್ಟಿಗೆಯಲ್ಲಿ ಮಲಗುವುದಾದರೆ ಮೈ ಒಣಗುವವರೆಗೆ ದೂರ ಇಡಿ, ಬೆಕ್ಕಿನ ಮೈಗೆ ಈ ಗುಂಪಿನ ಔಷಧಿಯನ್ನು ಕರಗಿಸಿ ಹೊರಹಾಕುವ ಶಕ್ತಿ ಕಡಿಮೆ. ಪಂಪನ್ನು ಹಳ್ಳದಲ್ಲಿ ತೊಳೆಯಬೇಡಿ, ಮೀನು ಇದಕ್ಕೆ ಇಲಿಗಿಂತ ಬೇಗ ಸಾಯುತ್ತದೆ. ಹಳ್ಳದ ಮಾತಿಗೆ ಅಜ್ಜ ಮೊಮ್ಮಗಳ ಮುಖ ನೋಡಿದರು. ಈವರೆಗೆ ತೊಳೆದದ್ದು ಅಲ್ಲೇ ಅಂತ ಅವಳು ಹೇಳಿಬಿಟ್ಟಳು.